ಕಿರಣಕ್ಕೆ ಸಾಯದ್ದು

ಮಾರ್ಚ್ 4

ತಮ್ಮಾ,

ಫೋನ್ ಮಾಡಿದರೆ "ಆಮೇಲೆ ಮಾತಾಡ್ತೀನಿ ಅಕ್ಕ" ಅಂತ ಜಾರಿಕೊಳ್ತೀಯ. ಅದಕ್ಕೇ ಕಾಗದ ಬರೀತಿದ್ದೀನಿ. ಇದು ನಿನ್ನ ಮೇಜಿನ ಮೇಲೆ ಬಿದ್ದಿರುತ್ತೆ, ಉತ್ತರ ಕೊಡೋ ತನಕ ಕಣ್ಣಿಗೆ ಚುಚ್ಚುತ್ತಿರಲಿ.

ನಿನ್ನೆ ನಮ್ಮ ಆಸ್ಪತ್ರೆಯಲ್ಲಿ ನಾನು ಅಡಿಗೆ ಮಾಡಿಸಿದ ಮಧ್ಯಾಹ್ನದ ಊಟ ತಿಂದ ಮೂವತ್ತೊಂದು ಜನ ರೋಗಿಗಳು, ಇಬ್ಬರು ನರ್ಸುಗಳು ವಾಂತಿ ಮಾಡಿಕೊಂಡು ಹಾಸಿಗೆ ಹಿಡಿದಿದ್ದಾರೆ. ಹನ್ನೆರಡೂವರೆಗೆ ಬಡಿಸಿದ್ದು. ಮೂರು ಗಂಟೆಯೊಳಗೆ ಮೂಳೆ ವಾರ್ಡಿನ ಈ ತುದಿಯಿಂದ ಆ ತುದಿಗೆ ಬೇಸಿನ್ ಹಿಡಿದುಕೊಂಡು ಓಡಾಟ. ಕಾಲಿಗೆ ಕಬ್ಬಿಣದ ಸಲಾಕೆ ಹಾಕಿಸಿಕೊಂಡವರು, ಸೊಂಟ ಮುರಿದವರು, ಎದ್ದು ಕೂರೋಕೂ ಆಗದವರು. ಮಲಗಿದಲ್ಲೇ ಕಾರಿಕೊಂಡರು. ಹದಿನಾಲ್ಕನೇ ಹಾಸಿಗೆಯಲ್ಲಿ ಗಡಿಯಾರ ರಿಪೇರಿ ಮಾಡೋ ಒಬ್ಬ ಯಜಮಾನರಿದ್ದಾರೆ. ದಿನಾ ನನ್ನ ಹತ್ತಿರ ಉಪ್ಪು ಕಮ್ಮಿ ಅಂತ ಜಗಳ ಆಡೋರು. ಅವರಿಗೆ ಇವತ್ತು ಮಾತೇ ಹೊರಡ್ತಿಲ್ಲ.

ಅನ್ನ, ಕಾಳು ತಿಂದವರಿಗೆ ಏನೂ ಆಗಿಲ್ಲ. ಕೋಳಿ ತಿಂದವರಿಗೆ ಮಾತ್ರ. ಬೇಯಿಸಿ ಚೂರು ಮಾಡಿ ಪ್ಯಾಕೆಟ್ಟಿನಲ್ಲಿ ಬರೋ ಕೋಳಿ, ನಾವು ಬಿಸಿ ಮಾಡಿ ಗೊಜ್ಜಿಗೆ ಹಾಕ್ತೀವಿ ಅಷ್ಟೇ. ಕಸದ ಡಬ್ಬಿಯಿಂದ ಆ ಪ್ಯಾಕೆಟ್ ತೆಗೆದು ನೋಡಿದೆ. ಹಿಂದುಗಡೆ ಕಿರಣ ಹಾಯಿಸಿದ್ದು ಅಂತ ತೋರಿಸೋ ಆ ಹಸಿರು ಗುರುತು, ವೃತ್ತದೊಳಗೆ ಎಲೆ. ಕೆಳಗೆ ನಿಮ್ಮ ಘಟಕದ ನಂಬರು.

ಎಂಟು ವರ್ಷದಿಂದ ನೀನು ಅದೇ ಕಿರಣದ ಘಟಕದಲ್ಲಿ ಅಳತೆ ನೋಡ್ತೀಯ. ನಾನು ಹನ್ನೆರಡನೇ ಕ್ಲಾಸು ಕೂಡ ದಾಟದವಳು, ನೀನು ಓದಿದವನು. ಇಷ್ಟು ಮಾತ್ರ ಹೇಳು. ನಿಮ್ಮ ಕಿರಣ ಅನ್ನದ ತಟ್ಟೆಯೊಳಗೆ ಕೂತು ಜನರ ಹೊಟ್ಟೆ ಸುಡ್ತಿದೆಯಾ? ನಾನು ನನ್ನ ಕೈಯಾರೆ ಏನು ಬಡಿಸಿದೆ?

ಅಕ್ಕ


ಮಾರ್ಚ್ 8

ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ರೋಗಿಗಳ ವಿಷಯ ಓದಿ ಬೇಸರವಾಯಿತು. ಆದರೆ ಉಳಿದದ್ದನ್ನು ಓದಿ ಸಿಟ್ಟು ಬಂತು, ಅದನ್ನು ಮುಚ್ಚಿಡುವುದಿಲ್ಲ.

ಎಂಟು ವರ್ಷದಿಂದ ಇದೇ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. ಬಸ್ಸಿನಲ್ಲಿ ಪಕ್ಕದವನು ಕೇಳುತ್ತಾನೆ, ಮನೆ ಬಾಡಿಗೆಗೆ ಕೊಡುವವನು ಕೇಳುತ್ತಾನೆ. ಈಗ ಒಡಹುಟ್ಟಿದವಳೂ. ಬಿಸಿಲಿಗೆ ಹಾಕಿದ ಬಟ್ಟೆಯನ್ನು ಒಳಗೆ ತಂದರೆ ಅದು ಕತ್ತಲಲ್ಲಿ ಹೊಳೆಯುತ್ತದೆಯೇ? ಇದೂ ಹಾಗೆಯೇ. ಆರಡಿ ದಪ್ಪದ ಗೋಡೆಯ ಒಳಗೆ ಪೆಟ್ಟಿಗೆಗಳು ತೂಗುತ್ತಾ ಹೋಗುತ್ತವೆ, ಕಿರಣ ಸೂಸುವ ಕೋಬಾಲ್ಟ್ ಕಡ್ಡಿಗಳ ಸುತ್ತ ಒಂದು ಸುತ್ತು ಹಾಕಿ ಹೊರಗೆ ಬರುತ್ತವೆ. ಕಿರಣ ಹಾದು ಹೋಗುತ್ತದೆ, ಉಳಿಯುವುದಿಲ್ಲ. ಪೆಟ್ಟಿಗೆ ಕಡ್ಡಿಯನ್ನು ಮುಟ್ಟುವುದೂ ಇಲ್ಲ. ಒಂದಿಷ್ಟು ವಿಟಮಿನ್ ಕಡಿಮೆಯಾಗಬಹುದು, ಅದು ನೀನು ಸೊಪ್ಪು ಬೇಯಿಸಿದಾಗಲೂ ಆಗುತ್ತದೆ. ಆ ಆಹಾರವನ್ನು ನಾನು ತಿಂದಿದ್ದೇನೆ, ನನ್ನ ಹೆಂಡತಿ ಬಸುರಿಯಾಗಿದ್ದಾಗ ಅವಳೂ ತಿಂದಿದ್ದಾಳೆ.

ಆಸ್ಪತ್ರೆಗೆ ಹೋಗುವ ಪೆಟ್ಟಿಗೆಗಳಿಗೆ ಹೆಚ್ಚಿನ ಅಳತೆಯ ಕಿರಣ ಕೊಡುತ್ತೇವೆ. ನಮ್ಮ ಬಾಗಿಲು ದಾಟಿದ ಪ್ಯಾಕೆಟ್ಟಿನೊಳಗೆ ಒಂದೇ ಒಂದು ರೋಗಾಣು ಬದುಕಿರುವುದಿಲ್ಲ. ನಿಮ್ಮ ಆಪರೇಷನ್ ಕೋಣೆಯ ಕತ್ತರಿಯಷ್ಟೇ ಚೊಕ್ಕ. ಆ ಪೆಟ್ಟಿಗೆಗಳ ಪತ್ರಕ್ಕೆ ಸಹಿ ಹಾಕಿದವನು ನಾನೇ, ಬೇಕಾದರೆ ವಿಚಾರಣೆಯವರಿಗೆ ತೋರಿಸು.

ತಪ್ಪು ಹುಡುಕುವುದಾದರೆ ಪ್ಯಾಕೆಟ್ ಕತ್ತರಿಸಿದ ಮೇಲೆ ಏನಾಯಿತೆಂದು ನೋಡು. ಎಷ್ಟು ಹೊತ್ತು ಹೊರಗಿತ್ತು, ಯಾರು ಮುಟ್ಟಿದರು. ಯಾರ ಕೈಯಲ್ಲಾದರೂ ಗಾಯವಿದೆಯೇ ನೋಡು. ಇಂಥದ್ದರಲ್ಲಿ ಹತ್ತಕ್ಕೆ ಒಂಬತ್ತು ಸಲ ಒಂದು ಕೈ ಇರುತ್ತದೆ.

ನಿನ್ನ ತಮ್ಮ


ಮಾರ್ಚ್ 15

ತಮ್ಮಾ,

ಗಡಿಯಾರದ ಯಜಮಾನರು ಆರನೇ ತಾರೀಕೇ ಹೋಗಿಬಿಟ್ಟರು. ಮೈಯಲ್ಲಿದ್ದ ನೀರೆಲ್ಲ ಹೋಗಿ ಮೂತ್ರಪಿಂಡ ಕೈಕೊಟ್ಟಿತಂತೆ. ಅವರ ಮಗಳು ಬಂದು ಹಾಸಿಗೆ ಪಕ್ಕದ ಪೆಟ್ಟಿಗೆ ಖಾಲಿ ಮಾಡ್ತಿದ್ದಳು. ನನ್ನ ನೋಡಿ "ನೀವೇನಾ ಅಡಿಗೆಯವರು?" ಅಂದಳು. ಹೌದು ಅಂದೆ. ಮುಖ ತಿರುಗಿಸಿ ಮತ್ತೆ ಪೆಟ್ಟಿಗೆ ಖಾಲಿ ಮಾಡತೊಡಗಿದಳು. ಹೊಡೆದಿದ್ದರೂ ಸಹಿಸಿಕೊಳ್ತಿದ್ದೆ.

ವಿಚಾರಣೆ ಆಯಿತು. ಇಲಾಖೆಯಿಂದ ಒಬ್ಬ ಡಾಕ್ಟರಮ್ಮ ಬಂದಿದ್ದರು, ಬೇಗ ಬೇಗ ಮಾತಾಡೋರು. ಒಡೆಯದ ಪ್ಯಾಕೆಟ್ ಲ್ಯಾಬಿಗೆ ಕಳಿಸಿದ್ದರು. ರೋಗಾಣು ಸೊನ್ನೆ ಅಂತ ಬಂತು. ನೀನು ಹೇಳಿದ ಹಾಗೇ. ನಿನ್ನ ಕಾಗದ ನನ್ನ ಚೀಲದಲ್ಲೇ ಇತ್ತು. ಓದಿ ಹೇಳಿದೆ. ಡಾಕ್ಟರಮ್ಮ "ಬರೆದವರಿಗೆ ವಿಷಯ ಚೆನ್ನಾಗಿ ಗೊತ್ತಿದೆ" ಅಂದರು. ನನಗೆ ಒಳಗೊಳಗೆ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಎಲ್ಲರ ಕೈ ನೋಡಿದರು. ಚಿಕ್ಕಮ್ಮನ ಬಲಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

ಚಿಕ್ಕಮ್ಮನ ಬಗ್ಗೆ ನಿನಗೆ ಬರೆದಿದ್ದೆ ಅನ್ಸುತ್ತೆ. ನಮಗೇನೂ ನೆಂಟಳಲ್ಲ, ಅಡಿಗೆಮನೆಯಲ್ಲಿ ಎಲ್ಲರೂ ಹಾಗೇ ಕರೀತೀವಿ. ಹತ್ತೊಂಬತ್ತು ವರ್ಷದಿಂದ ಪ್ಯಾಕೆಟ್ ಕತ್ತರಿಸಿ ತಟ್ಟೆಗೆ ಪಾಲು ಹಾಕೋಳು. ಬಲಗಿವಿ ಮಂದ. ಎಡಗಡೆ ನಿಂತು ಚಾಡಿ ಹೇಳಿದರೆ ಕೇಳಿಸಿಬಿಡುತ್ತೆ, ಬಲಗಡೆಯಿಂದ ಹೇಳಿದರೆ ಕೇಳಿಸೋದೇ ಇಲ್ಲ ಅಂತ ತಮಾಷೆ ಮಾಡ್ತಿದ್ವಿ. ಬೆರಳು ಡಬ್ಬಿಯ ಅಂಚಿಗೆ ಕುಯ್ದಿತ್ತು, ಮೇಲೆ ಗ್ಲೌಸ್ ಹಾಕ್ಕೊಂಡಿದ್ದೆ ಅಂತ ಹೇಳಿದಳು. ಬೆಳಿಗ್ಗೆಯೇ ಪ್ಯಾಕೆಟ್ ಹೊರಗೆ ತೆಗೆದಿಟ್ಟಿದ್ದೀರಿ, ಬೆರಳಿನಿಂದ ಕೀವು ತಗುಲಿ ಅದು ಮಧ್ಯಾಹ್ನದ ತನಕ ಬೆಳೆದಿದೆ ಅಂದರು ಡಾಕ್ಟರಮ್ಮ. ಇಲ್ಲ, ಹನ್ನೊಂದೂವರೆಗೆ ತೆಗೆದದ್ದು ಅಂದಳು. ಆಸ್ಪತ್ರೆಯ ಮೇಲ್ವಿಚಾರಕರು ನನ್ನ ಕಡೆ ತಿರುಗಿ "ನೀವು ನೋಡಿದ್ರಾ?" ಅಂದರು.

ನಾನು ಉಗ್ರಾಣದಲ್ಲಿದ್ದೆ, ನೋಡಲಿಲ್ಲ ಅಂದೆ.

ಅವತ್ತೇ ಕೆಲಸದಿಂದ ತೆಗೆದರು. ಚಿಕ್ಕಮ್ಮ ಏಪ್ರನ್ ಬಿಚ್ಚಿ, ಅದನ್ನ ಸಿಂಕಿನಲ್ಲಿ ಒಗೆದು, ಹಿಂಡಿ, ಗೂಟಕ್ಕೆ ಹಾಕಿ ಹೋದಳು. ಎಲ್ಲರೂ ನೋಡ್ತಾ ನಿಂತಿದ್ವಿ.

ನಿನ್ನ ಮೇಲೆ ರೇಗಿದ್ದನ್ನ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಆದರೆ ಒಂದು ಮಾತು ಕೊರೀತಿದೆ. ಮೊದಲು ವಾಂತಿ ಮಾಡಿದ ನರ್ಸಿಗೆ ಅವಸರ ಅಂತ ಪ್ಯಾಕೆಟ್ ಒಡೆದು, ಬಿಸಿ ಮಾಡಿ ಕೊಟ್ಟವಳು ನಾನು. ಅದನ್ನ ಚಿಕ್ಕಮ್ಮ ಮುಟ್ಟಿಯೇ ಇರಲಿಲ್ಲ. ಇದು ಹೇಗೆ? ಇನ್ನೊಂದು ಸಲ ಬಿಡಿಸಿ ಹೇಳು.

ಅಕ್ಕ


ಮಾರ್ಚ್ 24

ತಮ್ಮಾ,

ಒಂಬತ್ತು ದಿನ ಆಯಿತು. ನಿನ್ನ ಉತ್ತರ ಇಲ್ಲ.

ಇಲ್ಲಿ ಆಸ್ಪತ್ರೆ ಗೇಟಿನ ಹತ್ತಿರ ಜನ ಸೇರ್ತಾರೆ. "ಕಿರಣದ ಊಟ ಬೇಡ" ಅಂತ ಗೋಡೆ ಮೇಲೆಲ್ಲ ಬರೆದಿದ್ದಾರೆ. ಒಬ್ಬ ಮೈಕ್ ಹಿಡಿದು ಈ ಪ್ಯಾಕೆಟ್ ಇಟ್ಟ ಕಪಾಟಿನ ಪಕ್ಕ ನಿಂತರೂ ಕೂದಲು ಉದುರುತ್ತೆ ಅಂದ. ನಾನು ಅಲ್ಲೇ ನಿಂತಿದ್ದೆ, ಹಾಗಿದ್ದರೆ ನನ್ನ ತಲೆ ಯಾವತ್ತೋ ಬೋಳಾಗಿರಬೇಕಿತ್ತು. ನಗೋ ವಿಷಯ ಅಲ್ಲ ಅದು. ರಕ್ತದ ಕಾಯಿಲೆ ಮಕ್ಕಳ ವಾರ್ಡಿನಲ್ಲಿ ಹನ್ನೊಂದು ಮಕ್ಕಳಿವೆ. ಔಷಧಿಯಿಂದ ಅವುಗಳ ಮೈಯಲ್ಲಿ ಸೋಂಕು ತಡೆಯೋ ಶಕ್ತಿಯೇ ಇಲ್ಲ, ಅದಕ್ಕೇ ಕಿರಣ ಹಾಯಿಸಿದ ಪ್ಯಾಕೆಟ್ ಕೊಡ್ತಿದ್ದದ್ದು. ಈಗ ಅಪ್ಪ ಅಮ್ಮಂದಿರು ಬೇಡ ಅಂತ ಮನೆಯಿಂದ ಡಬ್ಬಿ ತರ್ತಿದ್ದಾರೆ. ನಿನ್ನೆ ಎರಡು ಮಕ್ಕಳಿಗೆ ಭೇದಿ, ಜ್ವರ. ಇದಕ್ಕೆ ಯಾರನ್ನ ಹಿಡಿದು ಕೇಳಲಿ?

ಕೇಳು, ನಾನು ವಿಜ್ಞಾನ ಓದಿಲ್ಲ, ಆದರೆ ಇಪ್ಪತ್ತಾರು ವರ್ಷ ಫ್ರೀಜರಿನ ಬಾಗಿಲು ತೆಗೆದಿದ್ದೀನಿ. ಇವತ್ತು ಅವತ್ತಿನ ಕೋಳಿ ಪೆಟ್ಟಿಗೆಗಳಲ್ಲಿ ಉಳಿದಿರೋ ಪ್ಯಾಕೆಟ್ ಕೈಗೆ ತಗೊಂಡು ನೋಡಿದೆ. ಸರಿಯಾಗಿ ಹೆಪ್ಪುಗಟ್ಟಿದ ಕೋಳಿ ಚೂರು ಅಲ್ಲಾಡಿಸಿದರೆ ಗಲಗಲ ಅನ್ನುತ್ತೆ. ಇದು ಒಂದೇ ಗಡ್ಡೆ. ಮೂಲೆಯಲ್ಲಿ ಕೆಂಚು ನೀರು ಗಟ್ಟಿಯಾಗಿ ನಿಂತಿದೆ. ಒಂದು ಸಲ ಕರಗಿ ಮತ್ತೆ ಹೆಪ್ಪುಗಟ್ಟಿದ್ದು ಇದು. ನಮ್ಮ ಫ್ರೀಜರ್ ಒಂದು ಗಂಟೆಯೂ ಕೆಟ್ಟಿಲ್ಲ, ನಾನೇ ದಿನಾ ಮೂರು ಸಲ ಬರೆದಿಡ್ತೀನಿ.

ನಿಮ್ಮಲ್ಲಿಗೆ ಬರೋ ಮುಂಚೆ ಇದು ಕರಗಿತ್ತಾ? ಹೌದು ಅನ್ನು, ಇಲ್ಲ ಅನ್ನು. ಉಪನ್ಯಾಸ ಬೇಡ.

ಅಕ್ಕ


ಮಾರ್ಚ್ 28

ಅಕ್ಕನಿಗೆ,

ಕೆಲಸದ ಒತ್ತಡ, ಬರೆಯಲಾಗಲಿಲ್ಲ. ಇಲ್ಲಿಯೂ ಗೇಟಿನ ಮುಂದೆ ಜನ. ನಿನ್ನೆ ನಮ್ಮ ವಾಹನಕ್ಕೆ ಕಲ್ಲು ಬಿತ್ತು, ಜೊತೆಯವನ ಹಣೆ ಒಡೆಯಿತು.

ಲ್ಯಾಬ್ ಸೊನ್ನೆ ಎಂದ ಮೇಲೆ ನೀನು ಪ್ಯಾಕೆಟ್ ಅಲ್ಲಾಡಿಸಿ ತೀರ್ಪು ಕೊಡುತ್ತಿರುವುದು ನನಗೆ ಅರ್ಥವಾಗುತ್ತಿಲ್ಲ. ವಿಚಾರಣೆ ಮುಗಿದಿದೆ. ಆ ಹೆಂಗಸಿನ ಬಗ್ಗೆ ನಿನಗೆ ಮರುಕವಿದೆ, ಅದು ಬೇರೆ ವಿಷಯ. ನನ್ನ ಕೆಲಸ ಅಳತೆ ನೋಡುವುದು. ಪೆಟ್ಟಿಗೆಗೆ ಎಷ್ಟು ಕಿರಣ ತಾಗಬೇಕೋ ಅಷ್ಟು ತಾಗಿದೆಯೇ ಎಂದು ನೋಡಿ ಸಹಿ ಹಾಕುತ್ತೇನೆ. ಅಷ್ಟು ತಾಗಿತ್ತು. ದಾರಿಯಲ್ಲಿ ಲಾರಿ ಕೆಟ್ಟು ನಿಂತರೆ ಅದಕ್ಕೆ ನಾನು ಹೊಣೆಯೇ? ನಮ್ಮ ಬಾಗಿಲಿಗೆ ಬರುವ ಮುಂಚಿನದು ನನ್ನ ಪಾಲಿನ ಕೆಲಸವಲ್ಲ.

ದಯವಿಟ್ಟು ಈ ವಿಷಯ ಇಲ್ಲಿಗೆ ಬಿಡು. ನೀನು ಕೆದಕಿದಷ್ಟೂ ಗೇಟಿನ ಮುಂದಿನವರಿಗೆ ಕಲ್ಲು ಕೊಟ್ಟ ಹಾಗೆ.

ತಮ್ಮ


ಮಾರ್ಚ್ 31

ನಾನು ಕರಗಿತ್ತಾ ಅಂತ ಕೇಳಿದೆ. ಲಾರಿ ಅಂತ ಎಲ್ಲೂ ಬರೆದಿಲ್ಲ. ನನ್ನ ಕಾಗದ ಇನ್ನೊಂದು ಸಲ ಓದು.

ಯಾವ ಲಾರಿ?


ಏಪ್ರಿಲ್ 6

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೇದು.

ಫೆಬ್ರವರಿ ಒಂಬತ್ತನೇ ತಾರೀಕು ಕೋಳಿ ಲಾರಿ ಬೆಳಿಗ್ಗೆ ಬರಬೇಕಿತ್ತು, ಸಂಜೆ ಬಂತು. ಹಿಂದಿನ ದಿನವೇ ದಾರಿಯಲ್ಲಿ ಅದರ ತಂಪಿನ ಯಂತ್ರ ಕೆಟ್ಟಿತ್ತು. ಹನ್ನೊಂದು ಗಂಟೆ ಹೊತ್ತು ಬಿಸಿಲಲ್ಲಿ ನಿಂತು, ಆಮೇಲೆ ಯಂತ್ರ ಸರಿಮಾಡಿಸಿ ಮತ್ತೆ ಹೆಪ್ಪುಗಟ್ಟಿಸಿ ತಂದಿದ್ದರು. ಲಾರಿಯೊಳಗೆ ಒಂದು ಸಣ್ಣ ಯಂತ್ರ ಇರುತ್ತೆ, ಒಳಗೆ ಎಷ್ಟು ಚಳಿ ಅಂತ ಕಾಗದದ ಪಟ್ಟಿ ಮೇಲೆ ಗೀಟು ಎಳೀತಾ ಹೋಗುತ್ತೆ. ಆ ಗೀಟು ಏಣಿ ಹತ್ತಿದ ಹಾಗೆ ಮೇಲಕ್ಕೆ ಹೋಗಿತ್ತು. ಪೆಟ್ಟಿಗೆಗಳ ತಳ ಒದ್ದೆಯಾಗಿ ಮೆತ್ತಗಾಗಿತ್ತು. ನಾನು ವಾಪಸ್ ಕಳಿಸೋಣ ಅಂದೆ. ಮ್ಯಾನೇಜರು ನಕ್ಕರು. "ಅದಕ್ಕೇ ಅಲ್ವೇನ್ರೀ ನಮ್ಮ ಯಂತ್ರ ಇರೋದು? ಒಳಗೆ ಹಾಕಿ, ಆಮೇಲೆ ಎಣಿಸಲಿ, ಸೊನ್ನೆ ಬರುತ್ತೆ" ಅಂದರು. ಒಳಗೆ ಹಾಕಿದೆ. ಸೊನ್ನೆ ಬಂತು. ಸಹಿ ಮಾಡಿದೆ.

ನಿನಗೆ ಬರೆದದ್ದರಲ್ಲಿ ಕಿರಣದ ಬಗ್ಗೆ ಒಂದಕ್ಷರವೂ ಸುಳ್ಳಲ್ಲ. ಬರೆಯದೆ ಬಿಟ್ಟದ್ದು ಒಂದಿದೆ. ಬೇಯಿಸಿದ ಕೋಳಿಯನ್ನ ಪ್ಯಾಕ್ ಮಾಡುವಾಗ ಯಾರದೋ ಕೈಯಿಂದ ರೋಗಾಣು ಸೇರಿರುತ್ತೆ. ತಣ್ಣಗಿದ್ದರೆ ಬೆಳೆಯಲ್ಲ. ಹನ್ನೊಂದು ಗಂಟೆ ಬಿಸಿಲು ಸಿಕ್ಕರೆ ಬೆಳೆಯುತ್ತೆ, ಬೆಳೆಯುವಾಗ ವಿಷ ಬಿಡುತ್ತೆ. ಕಿರಣ ರೋಗಾಣುವನ್ನ ಕೊಲ್ಲುತ್ತೆ. ಅದು ಬಿಟ್ಟು ಹೋದ ವಿಷವನ್ನ ಏನೂ ಮಾಡಲ್ಲ. ನೀನು ಎಷ್ಟು ಕುದಿಸಿದರೂ ಅದು ಹೋಗಲ್ಲ. ಲ್ಯಾಬಿನವರು ರೋಗಾಣು ಮಾತ್ರ ಎಣಿಸಿದರು. ಹುಡುಕಬೇಕಾಗಿದ್ದದ್ದು ವಿಷ.

ನಿನ್ನ ಮೊದಲ ಕಾಗದದಲ್ಲಿ "ಮೂರು ಗಂಟೆಯೊಳಗೆ" ಅಂತ ಓದಿದ ಕೂಡಲೇ ನನಗೆ ಗೊತ್ತಾಯಿತು. ಅಷ್ಟು ಬೇಗ ವಾಂತಿ ಆಗೋದು ಈ ವಿಷದಿಂದಲೇ. ಗೊತ್ತಿದ್ದೂ ಕೈ ನೋಡು, ಗಾಯ ನೋಡು ಅಂತ ಬರೆದೆ.

ಕೆಲಸ ಹೋಗುತ್ತೆ ಅಂತ ಹೆದರಿದೆ ಅಂತ ನೀನು ಅಂದ್ಕೊಳ್ತೀಯ. ಹೆದರಿದ್ದೆ, ಆದರೆ ಅದೊಂದೇ ಅಲ್ಲ. ಎಂಟು ವರ್ಷ ನಾನು ಸಿಕ್ಕಸಿಕ್ಕವರಿಗೆಲ್ಲ ಇದು ಅಪಾಯ ಇಲ್ಲ ಅಂತ ಹೇಳ್ತಾ ಬಂದವನು. ಅದು ನಿಜ ಕೂಡ. ಈಗ ಬಾಯಿಬಿಟ್ಟರೆ ಯಾರೂ ಲಾರಿ ಅನ್ನಲ್ಲ, ಎಲ್ಲರೂ ಕಿರಣ ಅಂತಾರೆ. ಒಂದು ನಿಜ ಉಳಿಸೋಕೆ ಇನ್ನೊಂದನ್ನ ಮುಚ್ಚಿದರೆ ಏನಾಗುತ್ತೆ ಅಂದ್ಕೊಂಡೆ. ಒಬ್ಬರು ಸತ್ತರು ಅಂತ ನೀನು ಬರೆದೆ. ಆ ಕಾಗದವನ್ನ ಮೇಜಿನ ಖಾನೆಯಲ್ಲಿಟ್ಟು ಮುಚ್ಚಿದೆ.

ಲಾರಿಯ ಪಟ್ಟಿಯ ಪ್ರತಿ ನನ್ನ ಹತ್ತಿರ ಇದೆ. ಇದರ ಜೊತೆ ಇಟ್ಟಿದ್ದೀನಿ. ಏನು ಮಾಡಲಿ ಹೇಳು ಅಕ್ಕಾ.

ತಮ್ಮ


ಏಪ್ರಿಲ್ 10

ನಿನಗೆ ನಲವತ್ತೊಂದು ವರ್ಷ. ಏನು ಮಾಡಲಿ ಅಂತ ನನ್ನ ಕೇಳಬೇಡ. ಪಟ್ಟಿ ವಾಪಸ್ ಕಳಿಸ್ತಿದ್ದೀನಿ. ನನಗೆ ಕೊಟ್ಟು ಕೈ ತೊಳೆದುಕೊಳ್ಳೋ ಹಾಗಿಲ್ಲ. ಯಾರಿಗೆ ಕೊಡಬೇಕೋ ಅವರ ಮುಂದೆ ಹೋಗಿ ನಿಂತು ಕೊಡು.

ಮೊದಲು ನಿನ್ನ ಕಾಗದ ಮುದುರಿ ಒಲೆಗೆ ಹಾಕೋಣ ಅನಿಸಿತು. ನಿನ್ನ ಮಾತನ್ನ ನನ್ನ ಬಾಯಿಂದ ಹೇಳಿಸಿದೆ ಕಣೋ. ನನ್ನ ತಮ್ಮ ಓದಿದವನು ಅಂತ ಎದೆ ಉಬ್ಬಿಸಿಕೊಂಡು ಆ ಟೇಬಲ್ಲಿನ ಮುಂದೆ ನಿಂತು ಓದಿದೆ. ನೀನು ಕೈ ಅಂದೆ, ಅವರು ಕೈ ಹುಡುಕಿದರು, ಬಡವಿಯ ಕೈ ಸಿಕ್ಕಿತು. ತಂಪಿನ ಯಂತ್ರ ಕೆಟ್ಟ ಲಾರಿಯವನಿಗೆ ಏನೂ ಆಗಲಿಲ್ಲ, ನಕ್ಕ ಮ್ಯಾನೇಜರಿಗೆ ಏನೂ ಆಗಲಿಲ್ಲ. ಹತ್ತೊಂಬತ್ತು ವರ್ಷ ಒಂದು ಕೂದಲು ಕೂಡ ತಟ್ಟೆಗೆ ಬೀಳದ ಹಾಗೆ ಬಡಿಸಿದವಳ ತಲೆ ಮೇಲೆ ಗೂಬೆ ಕೂರಿಸಿದಿರಿ.

ಕೂರಿಸಿದೆವು. ನಾನೂ ಸೇರಿ. ಅದನ್ನ ನಿನಗೆ ಬರೆದಿರಲಿಲ್ಲ.

ಫ್ರೀಜರಿನ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತೆ, ಇನ್ನೊಂದಿಲ್ಲ. ಅವತ್ತು ಚಿಕ್ಕಮ್ಮ ಬಂದು ಕೇಳಿದಾಗ ಹನ್ನೊಂದೂವರೆ ಆಗಿತ್ತು, ನಾನೇ ಕೊಟ್ಟೆ. ಬೆಳಿಗ್ಗೆಯೇ ಪ್ಯಾಕೆಟ್ ತೆಗೆದಿಡೋಕೆ ಅವಳಿಂದ ಸಾಧ್ಯವೇ ಇರಲಿಲ್ಲ. ಮೇಲ್ವಿಚಾರಕರು ಕೇಳಿದಾಗ ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅವಳದಲ್ಲ ಅಂದರೆ ಯಾರದು? ಅಡಿಗೆಮನೆಯ ಯಜಮಾನಿ ನಾನು. ಆ ಒಂದು ಕ್ಷಣ ನನ್ನ ತಲೆ ಉಳಿದರೆ ಸಾಕು ಅನಿಸಿತು. ನೋಡಲಿಲ್ಲ ಅಂದೆ. ಅದೂ ನಿನ್ನ ಕಿರಣದ ಮಾತಿನ ಹಾಗೇ. ಒಂದಕ್ಷರವೂ ಸುಳ್ಳಲ್ಲ.

ನಿನ್ನ ಕಾಗದ ಬಂದ ಮಧ್ಯಾಹ್ನವೇ ಚಿಕ್ಕಮ್ಮನ ಮನೆಗೆ ಹೋದೆ. ಬಟ್ಟೆ ಹೊಲಿಯೋ ಅಂಗಡಿ ಮೇಲಿನ ಒಂದು ಕೋಣೆ. ಕಿಟಕಿ ಹತ್ತಿರ ಕೂತು ಅಂಗಿಗಳಿಗೆ ಗುಂಡಿ ಹಾಕ್ತಿದ್ದಳು. ಅವಳ ಒಳ್ಳೇ ಕಿವಿಯ ಕಡೆ ಕೂತು ಎಲ್ಲ ಹೇಳಿದೆ. ಲಾರಿ, ನೀನು, ಬೀಗದ ಕೈ, ಎಲ್ಲ. ಬಯ್ಯಲಿಲ್ಲ. ಸೂಜಿ ಬಟ್ಟೆಗೆ ಚುಚ್ಚಿಟ್ಟು, "ನೀನು ಅವತ್ತು ಹೇಳ್ತೀಯ ಅಂತ ನಿನ್ನ ಮುಖವೇ ನೋಡ್ತಿದ್ದೆ" ಅಂದಳು.

ನನಗೆ ನೆಲ ಬಾಯಿ ಬಿಡಬಾರದಾ ಅನಿಸಿತು.

ಆಮೇಲೆ ಕೇಳಿದಳು, "ಒಡೆಯದ ಪ್ಯಾಕೆಟ್ ಇನ್ನೂ ಇದೆಯಾ?"

"ಆರು ಇದೆ ಚಿಕ್ಕಮ್ಮ."

"ಹಾಗಿದ್ರೆ ಇಲ್ಲಿ ಕೂತ್ಕೊಂಡು ಅಳಬೇಡ. ಯಾರಾದ್ರೂ ಎಸೆಯೋ ಮುಂಚೆ ಹೋಗಿ ಬೀಗ ಹಾಕು. ಆ ಡಾಕ್ಟರಮ್ಮನಿಗೆ ಈಗಲೇ ಫೋನ್ ಮಾಡು."

ಹಾಗೇ ಮಾಡಿದೆ. ಆರು ಪ್ಯಾಕೆಟ್ಟನ್ನೂ ಚೀಲದಲ್ಲಿ ಕಟ್ಟಿ, ಮೇಲೆ ಇಬ್ಬರು ನರ್ಸುಗಳ ಸಹಿ ಹಾಕಿಸಿ ಫ್ರೀಜರಿನ ತಳದಲ್ಲಿಟ್ಟಿದ್ದೀನಿ. ಮೇಲ್ವಿಚಾರಕರು "ಮುಗಿದ ವಿಷಯ ಯಾಕೆ ಕೆದಕ್ತೀರಿ?" ಅಂದರು. ಥೇಟ್ ನಿನ್ನದೇ ಮಾತು.

ಡಾಕ್ಟರಮ್ಮ ಲಾರಿಯ ಪಟ್ಟಿ ಕೇಳ್ತಿದ್ದಾರೆ. ವಿಳಾಸ ಹಿಂದುಗಡೆ ಬರೆದಿದ್ದೀನಿ.

ಅಕ್ಕ


ಏಪ್ರಿಲ್ 27

ಅಕ್ಕಾ,

ಹದಿನಾಲ್ಕನೇ ತಾರೀಕು ಹೋಗಿ ಕೊಟ್ಟೆ. ಮೂರು ತಾಸು ಬೆಂಚಿನ ಮೇಲೆ ಕೂರಿಸಿದರು. ಡಾಕ್ಟರಮ್ಮ ಪಟ್ಟಿ ನೋಡಿ ಕನ್ನಡಕ ತೆಗೆದಿಟ್ಟು, ಜೊತೆಯವರ ಕಡೆ ತಿರುಗಿ, "ಇದು ನಾವು ಮೊದಲನೇ ದಿನವೇ ಕೇಳಬೇಕಿದ್ದ ಪ್ರಶ್ನೆ. ಕಿರಣದ ಪ್ಯಾಕೆಟ್ ಅಂದ ತಕ್ಷಣ ಕಣ್ಣು ಮುಚ್ಚಿ ನಂಬಿದ್ವಿ" ಅಂದರು. ಆಮೇಲೆ ನನ್ನ ಕಡೆ ನೋಡಿ, "ನೀವು ಯಾಕೆ ಇಷ್ಟು ದಿನ ಸುಮ್ಮನಿದ್ರಿ?" ಅಂದರು. ನಿನಗೆ ಬರೆದದ್ದನ್ನೇ ಹೇಳಿದೆ. ಬರೆದುಕೊಂಡರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ.

ನೀನು ಇಟ್ಟಿದ್ದ ಆರು ಪ್ಯಾಕೆಟ್ಟಿನಲ್ಲಿ ಐದರಲ್ಲಿ ವಿಷ ಸಿಕ್ಕಿದೆ. ರೋಗಾಣು ಒಂದೂ ಇಲ್ಲ.

ನನ್ನನ್ನ ಕೆಲಸದಿಂದ ತೆಗೆದರು. ಒಳಗಿನ ಕಾಗದ ಹೊರಗೆ ಕೊಟ್ಟೆ ಅನ್ನೋದು ಕಾರಣ. ಕರಗಿದ ಮಾಲಿಗೆ ಸಹಿ ಹಾಕಿದ್ದು ಅವರ ಪ್ರಕಾರ ಕಾರಣ ಅಲ್ಲ. ನಾನು ತಪ್ಪು ಮಾಡಿದ ದಿನ ಬೆನ್ನು ತಟ್ಟಿದವರು, ಸರಿ ಮಾಡಿದ ದಿನ ಹೊರಗೆ ಹಾಕಿದರು. ಮ್ಯಾನೇಜರ ಮೇಲೆ, ಲಾರಿಯವರ ಮೇಲೆ ಕೇಸು ಆಗಿದೆ. ನನ್ನ ಮೇಲೂ ಆಗುತ್ತೆ, ಆಗಲಿ.

ಇನ್ನೊಂದು ಕೇಳು. ಸುದ್ದಿ ಹರಡಿದ ಮೇಲೆ ಗೇಟಿನ ಮುಂದಿನವರು ನಮ್ಮ ಮನೆಗೇ ಹಾರ ಹಿಡ್ಕೊಂಡು ಬಂದರು. ಸಭೆ ಇದೆ, ಕಿರಣ ವಿಷ ಅಂತ ನಿಮ್ಮ ಬಾಯಿಂದ ಒಂದು ಮಾತು ಹೇಳಿ ಅಂದರು. ಕಿರಣ ವಿಷ ಅಲ್ಲ, ಕೆಟ್ಟ ಕೋಳಿ ವಿಷ, ಕೆಟ್ಟದ್ದನ್ನ ಕಿರಣದ ಹಿಂದೆ ಬಚ್ಚಿಟ್ಟವರು ನಾವು ಅಂದೆ. "ಎಷ್ಟು ಕೊಟ್ಟಿದ್ದಾರೆ ನಿನಗೆ?" ಅಂದು ಹಾರ ವಾಪಸ್ ತಗೊಂಡು ಹೋದರು. ನನ್ನ ಹೆಂಡತಿಗೆ ನಗು ತಡೆಯೋಕೆ ಆಗಲಿಲ್ಲ. ತುಂಬಾ ದಿನದ ಮೇಲೆ ಮನೆಯಲ್ಲಿ ನಗು ಕೇಳಿಸಿತು.

ಚಿಕ್ಕಮ್ಮನವರು ಹೇಗಿದ್ದಾರೆ? ಅವರಿಗೆ ಒಂದು ಕಾಗದ ಬರೆಯೋಣ ಅಂತ ಕೂತೆ. ಹೆಸರು ಹಿಡಿದು ಕರೆಯೋದಾ, ಚಿಕ್ಕಮ್ಮ ಅನ್ನೋದಾ, ಅಲ್ಲೇ ನಿಂತುಹೋಯಿತು.

ತಮ್ಮ


ಮೇ 6

ತಮ್ಮಾ,

ಚಿಕ್ಕಮ್ಮ ಹೋದ ವಾರ ಕೆಲಸಕ್ಕೆ ಬಂದಳು. ಅದು ಅಷ್ಟು ಸುಲಭವಾಗಿ ಆಗಲಿಲ್ಲ.

ಮೊದಲು ಆಸ್ಪತ್ರೆಯಿಂದ ಒಂದು ಪತ್ರ ಹೋಯಿತು. "ಮಾನವೀಯ ನೆಲೆಯಲ್ಲಿ ಮರಳಿ ಸೇರಿಸಿಕೊಳ್ಳಲಾಗಿದೆ" ಅಂತ. ಅದನ್ನ ಹಿಡಿದುಕೊಂಡು ನೆಟ್ಟಗೆ ಮೇಲ್ವಿಚಾರಕರ ಕೋಣೆಗೆ ಬಂದಳು, ನನ್ನನ್ನೂ ಕರೆದಳು. "ಇದರ ಅರ್ಥ ಏನು?" ಅಂದಳು. ಅವರು, ನಿಮ್ಮ ಮೇಲೆ ಕನಿಕರ ತೋರಿಸಿದ್ದೀವಮ್ಮ ಅಂದರು.

"ನಾನು ತಪ್ಪು ಮಾಡಿ ಕನಿಕರ ಕೇಳಿದ್ನಾ? ನನ್ನ ಮೊಮ್ಮಗಳ ಸ್ಕೂಲಿನಲ್ಲಿ ಅವಳನ್ನ ಕೀವಿನ ಅಜ್ಜಿಯ ಮೊಮ್ಮಗಳು ಅಂತ ಕರೀತಿದ್ದಾರೆ. ತಪ್ಪು ನನ್ನದಲ್ಲ, ನಿಮ್ಮದು ಅಂತ ಬರೀರಿ."

ಎರಡನೇ ಸಲ "ತಪ್ಪು ತಿಳುವಳಿಕೆಯಿಂದ" ಅಂತ ಬರೆದು ತಂದರು. ಯಾರ ತಪ್ಪು ತಿಳುವಳಿಕೆ ಅಂದಳು. ಮೂರನೇ ಸಲ ಸರಿಯಾಗಿ ಬರೆದರು. ಅದನ್ನ ಊಟದ ಕೋಣೆಯಲ್ಲಿ ಎಲ್ಲರ ಮುಂದೆ ಓದಿಸಿದಳು. ಓದಿ ಮುಗಿದ ಮೇಲೆ ನಾನು ಎದ್ದು ಬೀಗದ ಕೈಯ ವಿಷಯ ಹೇಳಿದೆ. ನನ್ನ ಕೆಲಸದ ಬಗ್ಗೆ ಮುಂದಿನ ವಾರ ತೀರ್ಮಾನ ಆಗುತ್ತಂತೆ.

ಚಿಕ್ಕಮ್ಮ ನನ್ನ ಜೊತೆ ಮಾತಾಡ್ತಾಳೆ. ತಟ್ಟೆ ಎಷ್ಟು, ಉಪ್ಪು ಹಾಕಿದ್ಯಾ, ಅಷ್ಟೇ. ಮುಂಚಿನ ಹರಟೆ ಇಲ್ಲ. ಅದನ್ನ ಕೇಳೋ ಹಕ್ಕು ನನಗಿಲ್ಲ.

ಮಕ್ಕಳ ವಾರ್ಡಿನಲ್ಲಿ ಮತ್ತೆ ಪ್ಯಾಕೆಟ್ ಶುರುವಾಯಿತು, ಬೇರೆ ಘಟಕದ್ದು. ಜ್ವರ ಬಂದಿದ್ದ ಎರಡೂ ಮಕ್ಕಳು ಹುಷಾರಾಗಿವೆ. ಅಪ್ಪ ಅಮ್ಮಂದಿರನ್ನ ಒಪ್ಪಿಸಿದವರು ಡಾಕ್ಟರೂ ಅಲ್ಲ, ನಾನೂ ಅಲ್ಲ, ಚಿಕ್ಕಮ್ಮ. ಒಬ್ಬ ತಾಯಿ ಹೆದರಿಕೊಂಡು "ಇದರಲ್ಲಿ ಕಿರಣ ಇರುತ್ತಂತೆ" ಅಂದಳು. ಚಿಕ್ಕಮ್ಮ, "ಕಿರಣಕ್ಕೆ ಹೆದರಬೇಡಮ್ಮ, ಸಹಿ ಹಾಕೋರಿಗೆ ಹೆದರು. ಅದಕ್ಕೇ ಈಗ ನಾನು ಲಾರಿ ಪಟ್ಟಿ ನೋಡದೆ ಒಂದು ಪೆಟ್ಟಿಗೆನೂ ಒಳಗೆ ಬಿಡಲ್ಲ" ಅಂದಳು. ನಿಜವಾಗಿಯೂ ಬಿಡಲ್ಲ. ಮೊನ್ನೆ ಒಂದು ಲಾರಿಯನ್ನ ಗೇಟಿನಿಂದಲೇ ವಾಪಸ್ ಕಳಿಸಿದಳು, ಡ್ರೈವರು ಗೊಣಗಿಕೊಂಡು ಹೋದ.

ನಿನ್ನನ್ನ ಕ್ಷಮಿಸಿದೀನಿ ಅಂತ ಬರೆಯೋಕೆ ಎರಡು ಸಲ ಪೆನ್ನು ಹಿಡಿದೆ. ಬರಲಿಲ್ಲ. ಸುಳ್ಳು ಬರೆಯೋದು ಬೇಡ, ನಮ್ಮಿಬ್ಬರ ಮಧ್ಯೆ ಆದದ್ದು ಸಾಕು. ಚಿಕ್ಕಮ್ಮನಿಗೆ ಕಾಗದ ಬರೆಯಬೇಡ. ಬರೋದಾದರೆ ಬಂದು ಎದುರಿಗೆ ನಿಂತು ಹೇಳಲಿ ಅಂದಳು.

ಗಡಿಯಾರದ ಯಜಮಾನರ ಮಗಳು ಅಡಿಗೆಮನೆಗೆ ಬಂದಿದ್ದಳು. ಈ ಸಲ ಅವಳಿಗೆ ಎಲ್ಲ ಗೊತ್ತಿತ್ತು. ನಿಮ್ಮನ್ನೂ ನಿಮ್ಮ ತಮ್ಮನನ್ನೂ ಒಂದು ಸಲ ಒಟ್ಟಿಗೆ ನೋಡಬೇಕು ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಭಾನುವಾರ ಹತ್ತು ಗಂಟೆಗೆ ಅಂತ ಗೊತ್ತು ಮಾಡಿದ್ದೀನಿ, ಅವರ ಮನೆಯಲ್ಲೇ. ನಿಮ್ಮೂರಿನ ಬಸ್ಸು ಒಂಬತ್ತಕ್ಕೆ ಇಲ್ಲಿಗೆ ಬರುತ್ತೆ, ಸ್ಟ್ಯಾಂಡಿನಲ್ಲಿ ಕಾಯ್ತಿರ್ತೀನಿ.

ಪಕ್ಕದಲ್ಲೇ ನಿಂತಿರ್ತೀನಿ. ಮೊದಲು ನಾನು ಹೇಳ್ತೀನಿ, ಆಮೇಲೆ ನೀನು. ನಿನ್ನ ಪರವಾಗಿ ನಾನು ಒಂದು ಮಾತೂ ಆಡಲ್ಲ. ನನ್ನ ಪರವಾಗಿ ನೀನೂ ಆಡಬೇಡ.

ಅಕ್ಕ